ಯಾವ ಗುಳ್ಳದೊಡನೆ ಹೋಲಿಸಿದರು?

ಮಗಾ,

ಮಣಿಪಾಲಕ್ಕೆ ಜೈವಿಕ ತಂತ್ರಜ್ಞಾನ ಓದಲು ಹೊರಟಿದ್ದಿ, ಸಂತೋಷ. ಕುಲಾಂತರಿ ಬೆಳೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ತಟ್ಟನೆ ಉತ್ತರ ಕೊಡಬೇಡ. ಯಾವ ಬೆಳೆ, ಯಾವ ಜೀನ್, ಯಾವ ಗಿಡದ ಪಕ್ಕದಲ್ಲಿ ಬೆಳೆಸಿ ಹೋಲಿಸಿದರು ಎಂದು ಮೊದಲು ವಿಚಾರಿಸು.

ಇದು ನಮಗೆ ದೂರದ ವಿಷಯವಲ್ಲ. ಕಟಪಾಡಿಯಿಂದ ಪಡುವಣಕ್ಕೆ ಹೋದರೆ ಮಟ್ಟು. ಅಲ್ಲಿಯ ಗುಳ್ಳ ಎಂಬ ಬದನೆಯ ಬೀಜ ವಾದಿರಾಜ ಗುರುಗಳು ಕೊಟ್ಟದ್ದೆಂದು ಊರಿನ ನಂಬಿಕೆ; 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೋ ಕಂಪನಿಯ ಜೊತೆಗೂಡಿ ಬಿಟಿ ಬದನೆ ಮಾಡಲು ಆರಿಸಿದ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಕುಡಿ ಮತ್ತು ಕಾಯಿ ಕೊರೆಯುವ ಹುಳು ಸಾಯಲೆಂದು ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆ ಅದು. ಕೇಂದ್ರದ ಸಮಿತಿ 2009ರ ಅಕ್ಟೋಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಹಲವು ನಗರಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಬಾಂಗ್ಲಾದೇಶದ ರೈತರು 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ.

ಇಂಥ ಬೆಳೆ ತಿನ್ನಲು ಸುರಕ್ಷಿತವೇ ಎಂದು ನೋಡುವ ಪರೀಕ್ಷೆಯ ತಿರುಳೆಲ್ಲ ಹೋಲಿಕೆಯಲ್ಲಿದೆ. ಮೂಲ ತಳಿಯನ್ನೂ ಮಾರ್ಪಡಿಸಿದ್ದನ್ನೂ ಒಂದೇ ಗದ್ದೆಯಲ್ಲಿ, ಹಲವು ಊರುಗಳಲ್ಲಿ ಬೆಳೆಸಿ ಪ್ರೋಟೀನು, ನಾರು, ಸಕ್ಕರೆ, ಖನಿಜ ಅಳೆಯುತ್ತಾರೆ. ಬದನೆಯಾದರೆ ಕಹಿ ಕೊಡುವ ಆಲ್ಕಲಾಯ್ಡ್‌ಗಳನ್ನೂ ಅಳೆಯಲೇಬೇಕು. ಹೊಸ ಪ್ರೋಟೀನು ಜಠರರಸದಲ್ಲಿ ಕರಗುತ್ತದೆಯೇ, ಅಲರ್ಜಿ ತರುವಂಥದ್ದನ್ನು ಹೋಲುತ್ತದೆಯೇ ಎಂದು ನೋಡುತ್ತಾರೆ. ಇಲಿಗಳಿಗೆ 90 ದಿನ ತಿನ್ನಿಸುತ್ತಾರೆ. ಮಟ್ಟುವಿನ ಮಣ್ಣು ಬಿಟ್ಟರೆ ಗುಳ್ಳಕ್ಕೆ ಆ ರುಚಿ ಇಲ್ಲವೆಂದು ನಮ್ಮವರು ಹೇಳುವುದನ್ನು ನೀನು ಕೇಳಿದ್ದಿ. ಹಾಗಿರುವಾಗ ಬೇರೆಲ್ಲೋ ಬೆಳೆದ ಬೇರೊಂದು ಬದನೆಯ ಅಂಕಿಗಳನ್ನು ತೋರಿಸಿ ಗುಳ್ಳವೂ ಹಾಗೇ ಎಂದರೆ ಒಪ್ಪಬೇಡ.

ಸರಿಯಾಗಿ ಮಾಡಿದ ಪರೀಕ್ಷೆ ಜನರನ್ನು ಕಾಯುತ್ತದೆ. ಬ್ರೆಜಿಲ್ ನಟ್ಟಿನ ಜೀನ್ ಸೇರಿಸಿದ ಸೋಯಾ, ಆ ಕಾಯಿ ಒಗ್ಗದವರಿಗೆ ಅಪಾಯವೆಂದು ಪ್ರಯೋಗಾಲಯದಲ್ಲೇ ಗೊತ್ತಾಗಿ ಅಂಗಡಿಗೆ ಬರಲೇ ಇಲ್ಲ. ಆ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹಾಗೆಂದು ಜೀನ್ ಮುಟ್ಟದ ತಳಿಯೆಲ್ಲ ಅಮೃತವೆಂದೂ ತಿಳಿಯಬೇಡ. ಅಮೆರಿಕದಲ್ಲಿ 1967ರಲ್ಲಿ ಬಂದ ಲೆನಾಪೆ ಬಟಾಟೆ ಮಾಮೂಲು ಸಂಕರಣದಿಂದಲೇ ಆದದ್ದು. ಅದರಲ್ಲಿ ವಿಷದ ಆಲ್ಕಲಾಯ್ಡ್ ಹೆಚ್ಚಿದೆಯೆಂದು 1970ರಲ್ಲಿ ಹಿಂದೆ ತೆಗೆದುಕೊಂಡರು. ಹುಳಕ್ಕೆ ಹೆದರಿ ಮತ್ತೆ ಮತ್ತೆ ಮದ್ದು ಬಿಟ್ಟ ಬದನೆಯನ್ನೂ ಇದೇ ನಿಷ್ಠುರದಿಂದ ಪರೀಕ್ಷಿಸಬೇಕು. ಅದರ ಬಗ್ಗೆ ಯಾರೂ ದೊಡ್ಡ ದನಿಯಲ್ಲಿ ಮಾತಾಡುವುದಿಲ್ಲವೆಂಬುದು ನನ್ನ ಸಂಕಟ.

ಮುಂದೆ ನೀನೇ ಇಂಥ ಕೆಲಸಕ್ಕೆ ಇಳಿದರೆ, ಹೋಲಿಕೆಗೆ ಬೇಕಾದ ಬೀಜ ಮಟ್ಟುವಿನ ರೈತರ ಬಳಿಯೇ ಇದೆ. ಬಿಟಿ ಬದನೆಗೆ ಸ್ಥಳೀಯ ತಳಿ ಬಳಸುವಾಗ 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆದಿಲ್ಲವೆಂದು ಬೆಂಗಳೂರಿನ ಸಂಸ್ಥೆಯೊಂದು 2010ರಲ್ಲಿ ದೂರು ಕೊಟ್ಟಿತ್ತು. ನೀನು ಮೊದಲು ಆ ರೈತರ ಅಂಗಳಕ್ಕೆ ಹೋಗಿ, ಏನು ಮಾಡಲಿದ್ದಿ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಕಾಯ್ದೆ ಕೇಳುವ ಕಾಗದಪತ್ರ ಮಾಡಿಸಿಕೊಂಡ ಮೇಲೆಯೇ ಬೀಜ ತೆಗೆದುಕೋ.