ಮೊಟ್ಟೆ ನಿಂತರೆ ಮೊದಲು ಬೆಳಕು ನೋಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಕೋಳಿ ಮೊಟ್ಟೆ ನಿಲ್ಲಿಸಿದರೆ ಮೊದಲು ಬೈಸಿಕೊಳ್ಳುವುದು ಮೇವು, ಆಮೇಲೆ ಯಾರದೋ ಕೆಟ್ಟ ದೃಷ್ಟಿ. ಕೋಳಿಗಳ ನಡುವೆಯೇ ಇರುವ ನಾನು ಮೊದಲು ಕೇಳುವುದು ಬೆಳಕಿನ ಲೆಕ್ಕ.

1. ಮೊಟ್ಟೆಗೆ ಹುಂಜ ಬೇಕಿಲ್ಲ, ಪಿಳ್ಳೆಗೆ ಬೇಕು. ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಒಂದೇ, ಎಡಗಡೆಯದು. ದೊಡ್ಡದರಿಂದ ಸಾಸಿವೆ ಗಾತ್ರದವರೆಗೆ ಅದರಲ್ಲಿರುವ ಹಳದಿ ಗೋಲಿಗಳನ್ನು ಕೋಳಿ ಕೊಯ್ದವರೆಲ್ಲ ನೋಡಿದ್ದಾರೆ.

2. ಬೆಳಕು ಕಣ್ಣಿಂದಷ್ಟೇ ಅಲ್ಲ, ತಲೆಬುರುಡೆ ದಾಟಿಯೂ ಕೋಳಿಯ ಮಿದುಳಿಗೆ ತಾಗುತ್ತದೆ. ಹಗಲು ಉದ್ದವಾದರೆ ಪಿಟ್ಯುಟರಿ ಗ್ರಂಥಿ ಅಂಡಾಶಯವನ್ನು ಚುರುಕಾಗಿಸುವ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳನ್ನು ಬಿಡುತ್ತದೆ. ನಮ್ಮ ಸೀಮೆಯ ಡಿಸೆಂಬರಿನ ಹಗಲು ಸುಮಾರು ಹನ್ನೊಂದೂಕಾಲು ಗಂಟೆ. ಜೂನ್‌ನಲ್ಲೂ ಸುಮಾರು 13. ಫಾರಂ ಕೋಳಿಗೆ 16 ಬೇಕು, ಉಳಿದದ್ದು ಬಲ್ಬಿನ ಪಾಲು. ಮೊಟ್ಟೆಗೆ ಬಂದ ಕೋಳಿಗೆ ಬೆಳಕು ಕಮ್ಮಿ ಮಾಡಬೇಡಿ, ಬೆಳೆಯುವ ಹೇಂಟೆಗೆ ಹೆಚ್ಚಿಸಬೇಡಿ. ಕರೆಂಟು ನಂಬುವ ಬದಲು ಟೈಮರ್ ಇರುವ ಸಣ್ಣ ಸೋಲಾರ್ ದೀಪ ಹಾಕಿ. ತಿರುಮಣಿ ಸುತ್ತ ಸಾವಿರಾರು ಎಕರೆಗೆ ಸೋಲಾರ್ ಹಾಸಿಕೊಂಡ ಪಾವಗಡದವರಿಗೆ ಇದನ್ನು ಹೇಳಬೇಕೆ!

3. ಒಂದು ದಿನ ಮೊಟ್ಟೆ ತಪ್ಪಿದರೆ ಅದು ರೋಗವಲ್ಲ. ಎಲ್‌ಎಚ್ ಏರಿದ 4ರಿಂದ 6 ಗಂಟೆಗೆ ಹಳದಿ ಕಳಚಿಕೊಳ್ಳುತ್ತದೆ. ಅದು ಮೊಟ್ಟೆಯಾಗಿ ಹೊರಬೀಳಲು 24ರಿಂದ 26 ಗಂಟೆ. ಅದರಲ್ಲಿ ಚಿಪ್ಪು ಕಟ್ಟುವುದಕ್ಕೇ ಸುಮಾರು 20. ಮೊಟ್ಟೆ ಇಟ್ಟ ಅರ್ಧ ಗಂಟೆಯ ಸುಮಾರಿಗೆ ಮುಂದಿನ ಹಳದಿ. ಹಾಗಾಗಿ ಇವತ್ತು ಏಳಕ್ಕೆ ಇಟ್ಟದ್ದು ನಾಳೆ ಎಂಟಕ್ಕೆ, ನಾಡಿದ್ದು ಇನ್ನೂ ತಡ. ಎಲ್‌ಎಚ್ ಏರುವುದು ರಾತ್ರಿಯ ಕೆಲವೇ ಗಂಟೆಗಳಲ್ಲಿ; ಸರದಿ ಅದನ್ನು ಮೀರಿ ಜಾರಿದರೆ ಒಂದು ದಿನ ಖಾಲಿ. ಮಧ್ಯಾಹ್ನದ ಮೇಲೆ ಮೊಟ್ಟೆ ಇಟ್ಟ ಕೋಳಿಯಿಂದ ಮರುದಿನ ಏನೂ ನಿರೀಕ್ಷಿಸಬೇಡಿ.

4. ಕಾವಿಗೆ ಕೂತ ನಾಟಿ ಹೇಂಟೆಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಎಲ್‌ಎಚ್ ಇಳಿದಿರುತ್ತದೆ. ಹೊಟ್ಟೆಯಡಿ ಕೈಯಿಟ್ಟು ನೋಡಿ: ಪುಕ್ಕ ಉದುರಿ ಚರ್ಮ ಬಿಸಿಯಾಗಿರುತ್ತದೆ. ಅಲ್ಲಿಗೆ ಮೊಟ್ಟೆ ತಾಗುತ್ತಿರುವಷ್ಟು ದಿನ ಕಾವು ಬಿಡದು. ಪಿಳ್ಳೆ ಬೇಕಿದ್ದರೆ ಕೂರಲಿ. ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ಕೋಳಿಗೆ ಕಾವು ಕೂರುವ ಬುದ್ಧಿ ಇಲ್ಲವೆನ್ನುವಷ್ಟು ಕಮ್ಮಿ, ಅದರ ಮೊಟ್ಟೆಗೂ ನಾಟಿಯೇ ತಾಯಿ. ಪಿಳ್ಳೆ ಬೇಡವಾದರೆ ಮೂಗಿಗೆ ಪುಕ್ಕ ಚುಚ್ಚುವ ಹಿಂಸೆ ಬಿಡಿ. ತಂತಿ ತಳದ ಪಂಜರವನ್ನು ನೆರಳಲ್ಲಿ ಎತ್ತರಕ್ಕಿಟ್ಟು, ಮೇವು ನೀರು ಕೊಟ್ಟು, ಅಡಿಯಿಂದ ಗಾಳಿಯಾಡಲು ಬಿಟ್ಟರೆ ಕೆಲವೇ ದಿನಕ್ಕೆ ಕಾವು ಇಳಿಯುತ್ತದೆ. ಮೊಟ್ಟೆಗೆ ಮಾತ್ರ ಇನ್ನೂ ವಾರಗಟ್ಟಲೆ ಕಾಯಬೇಕು.

5. ಏಪ್ರಿಲ್ ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುವ ಕೋಳಿಯ ಮೊಟ್ಟೆಚಿಪ್ಪು ತೆಳ್ಳಗಾಗುತ್ತದೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಆದ್ದರಿಂದ ಕಪ್ಪೆಚಿಪ್ಪಿನ ನುಚ್ಚನ್ನು ಸಂಜೆ ಹಾಕಿ.

6. ಸಂತೆಗೆ ಒಯ್ಯುವ ಮುನ್ನ ಗುದದ ಎರಡೂ ಪಕ್ಕದ ಮೂಳೆತುದಿಗಳ ನಡುವೆ ಬೆರಳಿಡಿ. ಎರಡು ಮೂರು ಬೆರಳು ಹಿಡಿದರೆ, ಜುಟ್ಟು ಕೆಂಪಗಿದ್ದರೆ ಇನ್ನೂ ಮೊಟ್ಟೆ ಇಡುವ ಕೋಳಿ. ಒಂದೇ ಬೆರಳಾದರೆ ಕಾವಿಗೆ ಕೂತಿದೆಯೇ, ಪುಕ್ಕ ಉದುರಿಸುತ್ತಿದೆಯೇ ನೋಡಿ. ಎರಡೂ ಅಲ್ಲದಿದ್ದರೆ ಮಾರಿ.