ಕಾರ್ನಿಯಾದ ಲೆಕ್ಕ: ಕಳೆದ ಮೇಲೆ ಉಳಿಯುವುದೆಷ್ಟು?

ಕಿರಣಗಳ ಅಧ್ಯಾಯ ಮುಗಿಸಿ ಬೋರ್ಡ್ ಒರೆಸುತ್ತಿದ್ದೆ. ಕೊನೆಯ ಬೆಂಚಿನಿಂದ ಪ್ರಶ್ನೆ ಬಂತು: "ಮೇಡಂ, ಹಳೆಯ ಗ್ರೂಪ್ ಫೋಟೋದಲ್ಲಿ ನಿಮಗೆ ದಪ್ಪ ಕನ್ನಡಕ ಇದೆಯಲ್ಲ, ಅದೆಲ್ಲಿ ಹೋಯ್ತು?" ತರಗತಿ ನಕ್ಕಿತು. ಬೆಲ್ ಆದ ಮೇಲೆ ಒಬ್ಬಳು ಮಾತ್ರ ನಗದೆ ನನ್ನ ಹಿಂದೆಯೇ ಸ್ಟಾಫ್ ರೂಮಿಗೆ ಬಂದಳು. ಅವಳಿಗೆ 17 ವರ್ಷ. ಕಳೆದ ವರ್ಷ ಮೈನಸ್ 3.25 ಇದ್ದ ಪವರ್ ಈಗ ಮೈನಸ್ 4. ಗಲ್ಫ್‌ನಲ್ಲಿರುವ ಮಾವ ರಜೆಗೆ ಬಂದಾಗ ಲೇಸರ್ ಮಾಡಿಸಿಬಿಡೋಣ, ಕನ್ನಡಕದ ಹುಡುಗಿ ಎಂದರೆ ಮುಂದೆ ಸಂಬಂಧ ಬರುವಾಗ ನಾಲ್ಕು ಮಾತು ಬರುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದಾರಂತೆ. "ಮಾಡಿಸಬಹುದಾ ಮೇಡಂ?" ಎಂದಳು. ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಮುಗಿಸುವ ಪ್ರಶ್ನೆ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಠ. ನಮ್ಮ ಕಣ್ಣಿನ ಒಟ್ಟು ಪವರ್ ಸುಮಾರು 60 ಡಯಾಪ್ಟರ್. ಅದರಲ್ಲಿ ಸುಮಾರು 43 ಡಯಾಪ್ಟರ್ ಕಾರ್ನಿಯಾದ್ದು, ಉಳಿದದ್ದು ಒಳಗಿನ ಮಸೂರದ್ದು. ಗಾಳಿಯ ವಕ್ರೀಭವನ ಸೂಚ್ಯಂಕ 1, ಕಾರ್ನಿಯಾದ್ದು 1.376. ಬೆಳಕು ಹೆಚ್ಚು ಬಾಗುವುದು ಈ ಮೊದಲ ಗಡಿಯಲ್ಲೇ. ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟವರಿಗೆ ಎಲ್ಲವೂ ಮಸುಕಾಗಿ ಕಾಣುವುದೇಕೆಂದು ಈಗ ಗೊತ್ತಾಗಿರಬೇಕು. ನೀರಿನ ಸೂಚ್ಯಂಕ 1.33, ಕಾರ್ನಿಯಾಕ್ಕೆ ಹತ್ತಿರ. ಆದ್ದರಿಂದ ಅಲ್ಲಿ ಬೆಳಕು ಬಾಗುವುದೇ ಕಡಿಮೆ.

ಸಮೀಪ ದೃಷ್ಟಿ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ತುಸು ಉದ್ದ. ಬಿಂಬ ರೆಟಿನಾದ ಮುಂದೆಯೇ ಬೀಳುತ್ತದೆ. ನನ್ನದು ಮೈನಸ್ 6 ಇತ್ತು. ಕನ್ನಡಕದ ನಿಮ್ನ ಮಸೂರ ಹೊರಗಿನಿಂದ ಮಾಡುವ ಕೆಲಸವನ್ನು ಲೇಸರ್ ಕಾರ್ನಿಯಾದ ಮೇಲೆಯೇ ಮಾಡುತ್ತದೆ. ನಡುಭಾಗವನ್ನು ಸವೆಸಿ ಚಪ್ಪಟೆ ಮಾಡಿದರೆ ವಕ್ರತಾ ತ್ರಿಜ್ಯ ಹೆಚ್ಚುತ್ತದೆ, ಪವರ್ ಇಳಿಯುತ್ತದೆ. ನನ್ನ ಕಣ್ಣಿನಲ್ಲಿ 43ನ್ನು 37ರ ಹತ್ತಿರ ತರಬೇಕಿತ್ತು.

ಇದಕ್ಕೆ ಬಳಸುವುದು 193 ನ್ಯಾನೊಮೀಟರ್ ತರಂಗಾಂತರದ ಎಕ್ಸೈಮರ್ ಲೇಸರ್. 1240ನ್ನು 193ರಿಂದ ಭಾಗಿಸಿ ನೋಡಿ: ಒಂದು ಫೋಟಾನಿಗೆ ಸುಮಾರು 6.4 ಎಲೆಕ್ಟ್ರಾನ್ ವೋಲ್ಟ್. ಇಂಗಾಲದ ಪರಮಾಣುಗಳ ನಡುವಿನ ಬಂಧ ಮುರಿಯಲು ಅದಕ್ಕಿಂತ ಕಡಿಮೆ ಸಾಕು. ಹಾಗಾಗಿ ಈ ಬೆಳಕು ಸುತ್ತಲಿನ ಅಂಗಾಂಶವನ್ನು ಸುಡದೆ ಬಂಧಗಳನ್ನೇ ಮುರಿದು, ಒಂದು ಪಲ್ಸ್‌ಗೆ ಕಾಲು ಮೈಕ್ರಾನಿನಷ್ಟು ಕೆತ್ತುತ್ತದೆ. ಮದ್ರಾಸಿನಲ್ಲಿ ಹುಟ್ಟಿ ಓದಿ ಅಮೆರಿಕದ ಐಬಿಎಂಗೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಇದನ್ನು ಮೊದಲು ಪರೀಕ್ಷಿಸಿದ್ದು 1981ರ ನವೆಂಬರ್‌ನಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ. ಅಂಚು ಸುಡದೆ ನೀಟಾಗಿ ಕತ್ತರಿಸಿತ್ತು. ನೊಬೆಲ್ ಬರಲಿಲ್ಲ. ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈಗ ಮುಖ್ಯ ವಿಷಯ. ಕೆತ್ತಿದ್ದು ಮತ್ತೆ ಬೆಳೆಯುವುದಿಲ್ಲ. ಕಾರ್ನಿಯಾದ ನಡುವಿನ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಎಷ್ಟು ಕೆತ್ತಬೇಕೆಂಬುದಕ್ಕೆ ಒಂದು ಅಂದಾಜು ಸೂತ್ರವಿದೆ: ಕೆತ್ತುವ ವೃತ್ತದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ, ಪವರ್‌ನಿಂದ ಗುಣಿಸಿ, 3ರಿಂದ ಭಾಗಿಸಿ. ಉತ್ತರ ಮೈಕ್ರಾನಿನಲ್ಲಿ ಬರುತ್ತದೆ. ನನಗೆ 6 ಮಿಲಿಮೀಟರ್ ವೃತ್ತ, 6 ಡಯಾಪ್ಟರ್. 36 × 6 ÷ 3 = 72.

ನಾನು ಮೊದಲು ಹೋದ ಕಡೆ ಲ್ಯಾಸಿಕ್ ಎಂದರು. ಅದರಲ್ಲಿ ಮೇಲಿನ ತೆಳು ಪದರವನ್ನು ಪುಸ್ತಕದ ರಟ್ಟಿನಂತೆ ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಪದರವನ್ನು ಮತ್ತೆ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣುತ್ತದೆ, ತಿಂಗಳ ಕೊನೆಯವರೆಗೆ ರಿಯಾಯಿತಿಯೂ ಇದೆ ಎಂದರು. ನನ್ನ ಕಾರ್ನಿಯಾ ಎಷ್ಟು ದಪ್ಪ ಎಂದು ಕೇಳಿದೆ. "ಅದನ್ನೆಲ್ಲ ಮೆಷಿನ್ ನೋಡಿಕೊಳ್ಳುತ್ತದೆ" ಎಂಬ ಉತ್ತರ ಬಂತು. ಭೌತಶಾಸ್ತ್ರ ಕಲಿಸುವವಳಿಗೆ ಹೇಳುವ ಉತ್ತರವೇ ಅದು! ರಿಪೋರ್ಟ್ ಕೇಳಿ ತೆಗೆದುಕೊಂಡು ಮನೆಗೆ ಬಂದೆ.

ಎರಡನೆಯ ವೈದ್ಯೆ ಅದೇ ರಿಪೋರ್ಟಿನ ಹಿಂಬದಿಯಲ್ಲಿ ಲೆಕ್ಕ ಬರೆದರು. ನನ್ನ ಕಾರ್ನಿಯಾ 488. ಎತ್ತುವ ಪದರ 110, ಕೆತ್ತುವುದು 72. ಉಳಿಯುವುದು 306. ಕನಿಷ್ಠ 250 ಇರಲೇಬೇಕು, 300 ಇದ್ದರೆ ಒಳ್ಳೆಯದು. "ಪಾಸ್, ಆದರೆ ಬಾರ್ಡರ್ ಪಾಸ್" ಎಂದು ನಕ್ಕರು. ಪದರ ತುಸು ದಪ್ಪವಾಗಿ ಎದ್ದರೆ, ಅಥವಾ ಮುಂದೆ ಮತ್ತೊಮ್ಮೆ ಸರಿಪಡಿಸಬೇಕಾಗಿ ಬಂದರೆ ಅಲ್ಲಿ ಜಾಗವಿಲ್ಲ. ತೀರಾ ತೆಳುವಾದ ಕಾರ್ನಿಯಾ ಒಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬಬಹುದು. ಆಗ ಕನ್ನಡಕ ಹಾಕಿದರೂ ದೃಷ್ಟಿ ಸರಿಯಾಗುವುದಿಲ್ಲ. ಕೆಲವರಿಗೆ ಕೆರಟೋಕೋನಸ್ ಎಂಬ ಈ ಉಬ್ಬು ಮೊದಲೇ ಸಣ್ಣದಾಗಿ ಶುರುವಾಗಿರುತ್ತದೆ. ಕಣ್ಣು ಉಜ್ಜುವ ಅಭ್ಯಾಸ ಇರುವವರಲ್ಲಿ ಹೆಚ್ಚು. ಕಾರ್ನಿಯಾದ ನಕ್ಷೆ ತೆಗೆಯುವ ಟೊಪೋಗ್ರಫಿ ಪರೀಕ್ಷೆ ಇದಕ್ಕಾಗಿಯೇ.

ಅವರು ಸೂಚಿಸಿದ್ದು ಪಿಆರ್‌ಕೆ. ಇದು ಲ್ಯಾಸಿಕ್‌ಗಿಂತ ಹಳೆಯ ವಿಧಾನ. ಪದರ ಎತ್ತುವುದಿಲ್ಲ. ಸುಮಾರು 50 ಮೈಕ್ರಾನಿನ ಹೊರ ಚರ್ಮವನ್ನಷ್ಟೇ ತೆಗೆದು ಕೆತ್ತುತ್ತಾರೆ, ಆ ಚರ್ಮ ಕೆಲವು ದಿನಗಳಲ್ಲಿ ತಾನೇ ಬೆಳೆಯುತ್ತದೆ. ಕೊನೆಗೆ 416 ಉಳಿಯುತ್ತದೆ. "ನೋವು ಜಾಸ್ತಿ, ಕಾಯಬೇಕಾದದ್ದೂ ಜಾಸ್ತಿ. ಉಳಿಯುವುದೂ ಜಾಸ್ತಿ" ಎಂದರು. ನನಗಾಗ 27. ನಾಲ್ಕು ವರ್ಷಗಳಿಂದ ಪವರ್ ಬದಲಾಗಿರಲಿಲ್ಲ. ಒಪ್ಪಿದೆ.

ಆಪರೇಷನ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮರಗಟ್ಟಿಸುವ ಹನಿ ಹಾಕಿದರು, ಮಿನುಗುವ ದೀಪವನ್ನೇ ನೋಡಿ ಎಂದರು, ಕೂದಲು ಸುಟ್ಟಂತೆ ವಾಸನೆ ಬಂತು, ಒಂದು ಕಣ್ಣಿಗೆ ಒಂದು ನಿಮಿಷವೂ ಆಗಲಿಲ್ಲ. ಬ್ಯಾಂಡೇಜಿನಂತೆ ಒಂದು ಕಾಂಟ್ಯಾಕ್ಟ್ ಲೆನ್ಸ್ ಇಟ್ಟು ಮನೆಗೆ ಕಳುಹಿಸಿದರು.

ಕಷ್ಟ ಶುರುವಾದದ್ದು ಆ ರಾತ್ರಿ. ಕಣ್ಣಿಗೆ ಮರಳು ಸುರಿದಂತೆ. ಎರಡನೆಯ ದಿನ ಬಾಗಿಲ ಸಂದಿಯ ಬೆಳಕನ್ನೂ ಸಹಿಸಲಾಗದೆ ಉಮ್ಮ ಬೆಡ್‌ಶೀಟ್ ಮಡಚಿ ಅಲ್ಲಿಗೆ ತುರುಕಿದರು. ಗಂಟೆಗೊಮ್ಮೆ ಹನಿ ಹಾಕಿದ್ದೂ ಅವರೇ. ಮೂರನೆಯ ದಿನ ಅತ್ತುಬಿಟ್ಟೆ. ಅತ್ತರೆ ಇನ್ನಷ್ಟು ಉರಿ. "ಕನ್ನಡಕ ನಿನಗೇನು ಭಾರವಾಗಿತ್ತಾ ಮೋಳೇ?" ಎಂದು ಉಮ್ಮ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಐದನೆಯ ದಿನ ಹೊರ ಚರ್ಮ ಬೆಳೆದು ಲೆನ್ಸ್ ತೆಗೆದ ಮೇಲೆಯೇ ನೋವು ಇಳಿದದ್ದು.

ಒಂದು ವಾರ ಕಣ್ಣಿಗೆ ನೀರು ತಾಗಬಾರದಿತ್ತು. ವುಝೂ ಹೇಗೆಂದು ಅಣ್ಣ ಮಸೀದಿಯ ಉಸ್ತಾದರಲ್ಲಿ ಕೇಳಿ ಬಂದ. ನೀರು ತಾಗಬಾರದ ಭಾಗ ಬಿಟ್ಟು ಉಳಿದದ್ದನ್ನು ತೊಳೆದು, ಬಿಟ್ಟ ಭಾಗಕ್ಕೆ ತಯಮ್ಮುಮ್ ಮಾಡಲಿ ಎಂದರಂತೆ. ಕುರ್‌ಆನ್ ನೋಡಿ ಓದಲು ಎರಡು ವಾರ ಆಗಲಿಲ್ಲ. ಮದ್ರಸದಲ್ಲಿ ಬಾಯಿಪಾಠ ಮಾಡಿದ್ದಷ್ಟೇ ಆಗ ಕೈಯಲ್ಲಿದ್ದದ್ದು.

ಕಾಲೇಜಿಗೆ ಮರಳಿದಾಗಲೂ ಹಾಜರಿ ಪುಸ್ತಕದ ಹೆಸರುಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಆ ವಾರ ಬಂಕ್ ಮಾಡಿದ ಕೆಲವರಿಗೆ ಹಾಜರಿ ಬಿದ್ದಿರಲೂಬಹುದು. ದೃಷ್ಟಿ ನೆಲೆಗೊಳ್ಳಲು ಎರಡು ತಿಂಗಳು ಬೇಕಾಯಿತು. ಅಷ್ಟು ಕಾಲ ಸ್ಟೀರಾಯ್ಡ್ ಹನಿ, ಬಿಸಿಲಿಗೆ ಕಪ್ಪು ಕನ್ನಡಕ. ಇಲ್ಲವಾದರೆ ಕಾರ್ನಿಯಾದಲ್ಲಿ ಮಂಜು ಕಟ್ಟುವ ಅಪಾಯವಿದೆ. ರಾತ್ರಿ ಬೈಕುಗಳ ಹೆಡ್‌ಲೈಟ್ ಸುತ್ತ ಬಳೆಯಂಥ ಬೆಳಕು ಈಗಲೂ ಸ್ವಲ್ಪ ಕಾಣುತ್ತದೆ. ಎಸಿ ರೂಮಿನಲ್ಲಿ ಕಣ್ಣು ಒಣಗುತ್ತದೆ. ಉದ್ದವಾದ ಕಣ್ಣುಗುಡ್ಡೆ ಉದ್ದವಾಗಿಯೇ ಇದೆ, ಆದ್ದರಿಂದ ರೆಟಿನಾ ತಪಾಸಣೆ ತಪ್ಪಿಲ್ಲ. ನಲವತ್ತು ದಾಟಿದರೆ ಓದುವ ಕನ್ನಡಕ ನನಗೂ ಬರುತ್ತದೆ. ಆದರೂ ಫಜ್ರ್‌ಗೆ ಎದ್ದಾಗ ದಿಂಬಿನ ಪಕ್ಕ ತಡಕಾಡದೆ ಗೋಡೆಯ ಗಡಿಯಾರ ನೋಡುತ್ತೇನಲ್ಲ, ಆ ಸುಖ ಸುಳ್ಳಲ್ಲ.

ಆ ಹುಡುಗಿಗೆ ಹೇಳಿದ್ದು ಇಷ್ಟು: 18 ತುಂಬುವ ಮೊದಲು ಇಲ್ಲ. ತುಂಬಿದ ಮೇಲೂ ಕನಿಷ್ಠ ಒಂದು ವರ್ಷ ಪವರ್ ನಿಂತಿರಬೇಕು. ಏರುತ್ತಿರುವಾಗ ಮಾಡಿಸಿದರೆ ಕಾರ್ನಿಯಾವೂ ಹೋಯಿತು, ಕನ್ನಡಕವೂ ಮರಳಿತು. ಮಾವನಿಗೆ ಈ ಲೆಕ್ಕ ತೋರಿಸು ಎಂದು 488ರ ಆ ಹಾಳೆಯ ಜೆರಾಕ್ಸ್ ಕೊಟ್ಟೆ.

ಕಳೆದ ವಾರ ಬಂದಳು. ಹೊಸ ಪರೀಕ್ಷೆಯಲ್ಲಿ ಮೈನಸ್ 4.25. ಮಾವ ಹೊಸ ಫ್ರೇಮ್ ಕೊಡಿಸಿದ್ದಾರೆ, ಕಡು ನೀಲಿ ಬಣ್ಣದ್ದು. ಅವಳಿಗೆ ಚೆನ್ನಾಗಿಯೇ ಒಪ್ಪುತ್ತದೆ.