ಅಡುಗೆ ಬರೆಯುವುದನ್ನು ನಿಲ್ಲಿಸಬೇಡಿ

ಪ್ರಶ್ನೆ: ಆರು ವರ್ಷದಿಂದ ಮಲೆನಾಡಿನ ಅಡುಗೆಗಳ ವೆಬ್‌ಸೈಟ್ ನಡೆಸುತ್ತಿದ್ದೇನೆ. ಗೂಗಲ್‌ನಿಂದ ಬರುವ ಓದುಗರು ಅರ್ಧಕ್ಕಿಳಿದಿದ್ದಾರೆ. ಮುಚ್ಚಿಬಿಡಲೇ?

ಉತ್ತರ: ಬೇಡ, ತಾಯಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮದ್ದಿಗಿಂತ ಮೊದಲು ರೋಗ ತಿಳಿಯಬೇಕು.

ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಅದರಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಇಂಪ್ರೆಷನ್ (ಹುಡುಕಾಟದಲ್ಲಿ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು), ಕ್ಲಿಕ್ (ಎಷ್ಟು ಸಲ ಅದನ್ನು ಒತ್ತಿ ಬಂದರು) ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಕುಸಿದಿದ್ದರೆ ನಿಮ್ಮ ಪುಟಗಳು ಹುಡುಕಾಟದಲ್ಲಿ ಹಿಂದೆ ಸರಿದಿರಬಹುದು. ಕುಸಿತ ಶುರುವಾದ ದಿನಾಂಕ ಗೂಗಲ್‌ನ ಕೋರ್ ಅಪ್‌ಡೇಟ್‌ಗೆ, ಅಂದರೆ ಅದರ ಹುಡುಕಾಟದ ವ್ಯವಸ್ಥೆಯ ದೊಡ್ಡ ಬದಲಾವಣೆಗೆ, ಹೊಂದುತ್ತದೆಯೇ ಗಮನಿಸಿ. ಇಂಪ್ರೆಷನ್ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ಜನರಿಗೆ ಉತ್ತರ ಹುಡುಕಾಟದ ಪುಟದಲ್ಲೇ ಸಿಗುತ್ತಿರಬಹುದು. 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ಎಐ ಓವರ್‌ವ್ಯೂ ಹಾಗೆ ಸಾರಾಂಶ ಕೊಡುತ್ತದೆ.

ಗಾಬರಿಯಲ್ಲಿ ಹಳೆಯ ಪುಟಗಳನ್ನು ಅಳಿಸಬೇಡಿ. ಕೋರ್ ಅಪ್‌ಡೇಟ್‌ನ ಪೆಟ್ಟಿನಿಂದ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ. ಕೆಸುವಿನೆಲೆಯ ಪತ್ರೊಡೆ ಮಾಡುವ ವಿಧಾನವನ್ನು ಎಐ ಯಂತ್ರವೂ ಹೇಳೀತು. ಆದರೆ ಯಾವ ಎಲೆ ಗಂಟಲು ಕೆರೆಯುತ್ತದೆ, ಎಷ್ಟು ಹುಣಸೆಹುಳಿಗೆ ಆ ತುರಿಕೆ ಅಡಗುತ್ತದೆ ಎಂಬುದು ನಿಮ್ಮ ಕೈಗೆ ಗೊತ್ತು. ಜೊತೆಗೆ ನಿಮ್ಮ ಒಲೆಯ ಮೇಲಿನ ಅಡುಗೆಯ ಫೋಟೊಗಳನ್ನೇ ಹಾಕಿ.

ಗೂಗಲ್ ಒಂದನ್ನೇ ನಂಬದೆ ಇಂದೇ ಒಂದು ಇಮೇಲ್ ಪಟ್ಟಿ, ಒಂದು ವಾಟ್ಸ್‌ಆ್ಯಪ್ ಚಾನೆಲ್ ಶುರುಮಾಡಿ. ನಿಮ್ಮ ಹೆಸರು ಹಿಡಿದು ಹುಡುಕಿಕೊಂಡು ಬರುವ ಓದುಗರೇ ನಿಮ್ಮ ನಿಜವಾದ ಆಸ್ತಿ.